ಐಆರ್‌ಎಫ್‌ಪಿ460 ಮಾಸ್ಫೆಟ್ ತಗೊಳೋವ್ರು ಸ್ವಲ್ಪ ನೋಡ್ಕೊಂಡ್ ತಗೊಳ್ಳಿ

ಎಸ್‌ಎಂಪಿಎಸ್ (ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಬದಲಾಯಿಸೋ ಪವರ್ ಸಪ್ಲೈ), ಚಾರ್ಜರ್ ಕೆಲಸ ಮಾಡೋರೆಲ್ಲ ದಯವಿಟ್ಟು ಇದನ್ನ ಪೂರ್ತಿ ಓದಿ. 48 ವೋಲ್ಟ್ 10 ಆಂಪ್ಸ್ ಬ್ಯಾಟರಿ ಚಾರ್ಜರ್ ಒಂದನ್ನ ಹಾಫ್ ಬ್ರಿಡ್ಜಲ್ಲಿ (ಎರಡು ಸ್ವಿಚ್ ಸರದಿಯಲ್ಲಿ ಆನ್ ಆಗೋ ಸರ್ಕ್ಯೂಟು) ಮಾಡ್ತಿದ್ದೆ, ಅದಕ್ಕೆ ಬೆಂಗಳೂರಿನ ಎಸ್ಪಿ ರೋಡಿಂದ ಹತ್ತು ಐಆರ್‌ಎಫ್‌ಪಿ460 ಮಾಸ್ಫೆಟ್ (ಸ್ವಿಚ್ ತರ ಕೆಲಸ ಮಾಡೋ ಪವರ್ ಟ್ರಾನ್ಸಿಸ್ಟರ್) ತಂದೆ, ಬೇರೆ ಕಡೆಗಿಂತ ಅರ್ಧ ರೇಟು. ಅಂಗಡಿ ಹೆಸರು ಬೇಡ, ಆ ರೋಡಲ್ಲಿ ನಂಬಿಕೆಯ ಅಂಗಡಿಗಳೂ ಬೇಕಾದಷ್ಟಿವೆ.

230 ವೋಲ್ಟ್ ರೆಕ್ಟಿಫೈ ಆದ್ರೆ, ಅಂದ್ರೆ ಎಸಿ ಡಿಸಿ ಆದ್ರೆ, ಬಸ್ಸಲ್ಲಿ (ಮಾಸ್ಫೆಟ್‌ಗೆ ಹೋಗೋ ಡಿಸಿ ಲೈನಲ್ಲಿ) 325 ಡಿಸಿ, ಲೈನ್ 265ಕ್ಕೆ ಏರಿದ್ರೂ 375, ಮಾಸ್ಫೆಟ್ 500 ವೋಲ್ಟಿಂದು, ಹಾಗಾಗಿ ವೋಲ್ಟೇಜ್ ವಿಷಯದಲ್ಲಿ ನಂಗೆ ಭಯ ಇರ್ಲಿಲ್ಲ. ಕರೆಂಟ್ ಜಾಸ್ತಿ ಹರೀದೇ ಇರ್ಲಿ ಅಂತ ಸೀರೀಸ್ ಬಲ್ಬ್ ಹಾಕಿ ಆನ್ ಮಾಡ್ದೆ, ಚೆನ್ನಾಗೇ ಓಡ್ತು. ಬಲ್ಬ್ ತೆಗೆದು ಫುಲ್ ಲೋಡ್ ಕೊಟ್ಟೆ, ಇಪ್ಪತ್ತು ನಿಮಿಷ ಆಗಿರ್ಬೇಕು ಅಷ್ಟೆ, ಪಟಾಕಿ ಹೊಡೆದಂಗೆ ಸದ್ದು, ಎರಡೂ ಮಾಸ್ಫೆಟ್ ಶಾರ್ಟು, ಜೊತೆಗೆ ಡ್ರೈವರ್ ಐಸಿನೂ ಹೋಯ್ತು, ಮಾಸ್ಫೆಟ್‌ನ ಒಂದು ಚೂರು ಸಿಡಿದು ನನ್ ಕನ್ನಡಕಕ್ಕೇ ಬಡೀತು. ಕನ್ನಡಕ ಇಲ್ದಿದ್ರೆ ಏನಾಗ್ತಿತ್ತೋ, ಈಗ್ಲೂ ನೆನಪಾದ್ರೆ ಎದೆ ಝಲ್ಲನ್ನತ್ತೆ.

ತಪ್ಪು ನಂದೇ ಅಂದ್ಕೊಂಡು ಒಂದ್ವಾರ ಕೂತೆ. ಎರಡೂ ಒಟ್ಟಿಗೆ ಆನ್ ಆಗ್ತಿದ್ಯೇನೋ ಅಂತ ಡೆಡ್‌ಟೈಮ್ (ಒಂದು ಆಫ್ ಆಗಿ ಇನ್ನೊಂದು ಆನ್ ಆಗೋ ನಡುವಿನ ಬಿಡುವು) ಜಾಸ್ತಿ ಮಾಡ್ದೆ, ಗೇಟ್ ರೆಸಿಸ್ಟರ್ ಬದಲಾಯಿಸ್ದೆ, ವೋಲ್ಟೇಜ್ ಜಿಗಿತ ತಡೆಯೋ ಸ್ನಬ್ಬರ್ ಹಾಕ್ದೆ, ಟ್ರಾನ್ಸ್‌ಫಾರ್ಮರ್ ಬಿಚ್ಚಿ ಮತ್ತೆ ಸುತ್ತಿದೆ, ಆದ್ರೂ ಎರಡನೇ ಜೋಡಿನೂ ಅದೇ ಗತಿ.

ಆಮೇಲೆ ಹೊಸಾ ಪೀಸೊಂದನ್ನ ತಗೊಂಡು ಅದರ ಮೂರು ಕಾಲಲ್ಲಿ ಡ್ರೈನು ಸೋರ್ಸು ಶಾರ್ಟ್ ಮಾಡಿ, ಗೇಟಿಗೂ (ಆನ್-ಆಫ್ ಮಾಡೋ ಕಾಲು) ಸೋರ್ಸಿಗೂ ಮಧ್ಯ ಕೆಪಾಸಿಟೆನ್ಸ್ ಅಳೆಯೋ ಎಲ್‌ಸಿಆರ್ ಮೀಟರ್ ಇಟ್ಟೆ. ಡೇಟಾಶೀಟಲ್ಲಿ ಇನ್‌ಪುಟ್ ಕೆಪಾಸಿಟೆನ್ಸ್ 4200 ಪಿಕೋಫ್ಯಾರಡ್ ಅಂತಿದೆ, ಹೀಗೆ ವೋಲ್ಟೇಜ್ ಇಲ್ದೆ ಅಳೆದ್ರೆ ಅದಕ್ಕಿಂತ ಜಾಸ್ತಿನೇ ಬರ್ಬೇಕು. ನಂದ್ರಲ್ಲಿ ತೋರಿಸಿದ್ದು 1.8 ನ್ಯಾನೋ, ಅಂದ್ರೆ ಬರೀ 1800 ಪಿಕೋ! ಥಿನ್ನರ್ ಹಚ್ಚಿ ಉಜ್ಜಿದೆ, ಕಪ್ಪು ಪೇಂಟ್ ಹತ್ತಿಗೆ ಅಂಟ್ಕೊಂಡು ಬಂತು, ಅದರಡಿಗೆ ಹಳೇ ನಂಬರ್ ಸವೆಸಿದ ಗೀರುಗಳು, ಅಂದ್ರೆ ಬೇರೆ ಯಾವ್ದೋ ಮಾಸ್ಫೆಟ್‌ಗೆ ಹೊಸ ನಂಬರ್ ಹಾಕಿದ ನಕಲಿ ಮಾಲು. ವೈಸಿಗೆ ಸಿಕ್ಕಿಸಿ ಒಡೆದೆ, ಒಳಗಿನ ಸಿಲಿಕಾನ್ ಚಿಪ್ಪು ಉದ್ದಿನ ಬೇಳೆಯಷ್ಟು. ಹಳೇ ಬೋರ್ಡಿಂದ ತೆಗೆದ ಒರಿಜಿನಲ್ ಒಂದನ್ನೂ ಒಡೆದು ಪಕ್ಕದಲ್ಲಿಟ್ಟೆ, ಅದ್ರದ್ದು ಕಿರುಬೆರಳ ಉಗುರಿನಷ್ಟಿತ್ತು.

ಚಿಪ್ಪು ಚಿಕ್ಕದಾದ್ರೆ ಆನ್ ಆದಾಗಿನ ರೆಸಿಸ್ಟೆನ್ಸ್ ಜಾಸ್ತಿ. ಒರಿಜಿನಲ್‌ದು 0.27 ಓಮ್, ಅದೇ 500 ವೋಲ್ಟಿನ ಸಣ್ಣ ಚಿಪ್ಪಿನ ಐಆರ್‌ಎಫ್840ದು 0.85. ಬಿಸಿ ಆದಂಗೆ ಅದು ಇನ್ನೂ ಏರತ್ತೆ, ಏರಿದಷ್ಟೂ ಬಿಸಿ ಹೆಚ್ಚತ್ತೆ, ಅದಕ್ಕೇ ತಕ್ಷಣ ಸಾಯ್ದೆ ಇಪ್ಪತ್ತು ನಿಮಿಷ ಎಳೀತು. ಸೀರೀಸ್ ಬಲ್ಬಲ್ಲಿ ಓಡ್ತು ಅಂತ ನಂಬಿದ್ದೇ ನಾನು ಮೋಸ ಹೋಗಿದ್ದು, ಅಷ್ಟು ಕಮ್ಮಿ ಕರೆಂಟಲ್ಲಿ ಇದು ಗೊತ್ತೇ ಆಗಲ್ಲ.

ಬೋರ್ಡಿಗೆ ಹಾಕೋ ಮುಂಚೆ ಗೇಟ್ ಕೆಪಾಸಿಟೆನ್ಸ್ ಅಳೀರಿ, ಒಂದು ನಿಮಿಷದ ಕೆಲಸ. ಸಿಡಿದ ಮೇಲೆ ಗಾಬರಿಲಿ ಬೋರ್ಡ್ ಮುಟ್ಬೇಡಿ, ಫ್ಯೂಸ್ ಹೋಗಿದ್ರೂ ಕೆಪಾಸಿಟರಲ್ಲಿ 325 ವೋಲ್ಟ್ ಹಾಗೇ ಕೂತಿರ್ಬಹುದು, ಪ್ಲಗ್ ತೆಗೆದು 10 ಕೆ 10 ವ್ಯಾಟ್ ರೆಸಿಸ್ಟರಿಂದ ಖಾಲಿ ಮಾಡಿ, ಮೀಟರಲ್ಲಿ ನೋಡಿ, ಆಮೇಲೆ ಕೈ ಹಾಕಿ.

ಉಳಿದ ಪೀಸುಗಳ ಕಾಲು ಕತ್ತರಿಸಿ ಎಸೆದಿದೀನಿ, ನಮ್ಮ ಅಂಗಡಿ ಹುಡುಗ ಗೊತ್ತಿಲ್ದೆ ಯಾರ್ದಾದ್ರೂ ಬೋರ್ಡಿಗೆ ಹಾಕ್ಬಿಟ್ಟಾನು ಅಂತ.