‘ವಿಂಡೋಸ್ ಮತ್ತು ಆರ್ ಒತ್ತಿ’ ಎಂದು ಯಾವ ಪುಟ ಹೇಳಿದರೂ ಒತ್ತಬೇಡಿ

ನಾನು ಕಣ್ಣು ಕಾಣದ ವಿದ್ಯಾರ್ಥಿ. ಊರು ಗದಗ ಜಿಲ್ಲೆಯ ರೋಣದ ಕಡೆ, ಓದು ಧಾರವಾಡದಲ್ಲಿ. ಮೌಸ್ ಮುಟ್ಟುವವನಲ್ಲ, ನನ್ನ ಕೆಲಸವೆಲ್ಲ ಕೀಲಿಮಣೆಯಿಂದ, ಪರದೆ ಓದಿ ಹೇಳುವುದು ಎನ್‌ವಿಡಿಎ ಎಂಬ ತಂತ್ರಾಂಶ. ಕಳೆದ ತಿಂಗಳು ಇದೇ ಕೀಲಿಮಣೆಯ ಮೂರು ಒತ್ತುಗಳಿಗೆ ನನ್ನ ಇಮೇಲ್ ಹೋಯಿತು, ಏನೂ ತಪ್ಪು ಮಾಡದ ಇನ್ನೊಬ್ಬರ ಆರು ಸಾವಿರ ರೂಪಾಯಿಯೂ ಹೋಯಿತು.

ಶುರುವಾದದ್ದು ನೋಟ್ಸಿನಿಂದ. ಪರೀಕ್ಷೆಗೆ ಮೂರು ದಿನವಿರುವಾಗ ವಿಭಾಗದಿಂದ ಪಿಡಿಎಫ್ ಬಂತು, ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ. ಕಣ್ಣಿದ್ದವರಿಗೆ ಅದು ಅಚ್ಚುಕಟ್ಟಾದ ಕನ್ನಡ. ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ‘ಕನ್ನಡ’ ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಕೇಳಿದರೆ ನನ್ನ ಕಿವಿಗೆ ಮೊದಲು ಬೀಳುವುದು ‘ಪಿ, ಎ ಗ್ರೇವ್, ಪೌಂಡ್’. ಮೂವತ್ತೆರಡು ಪುಟ ಹೀಗೇ ಪೌಂಡು! ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 42ನೇ ಕಲಂ ಪ್ರಕಾರ ಇಂಥ ಮಾಹಿತಿ ನಮಗೂ ದಕ್ಕುವ ರೂಪದಲ್ಲಿರಬೇಕು. ಆದರೆ ಪ್ರತಿ ಸೆಮಿಸ್ಟರಿನಲ್ಲೂ ಕೇಳಿ ಕೇಳಿ ನಾಚಿಕೆಯಾಗಿತ್ತು. ರಾತ್ರಿ ಹನ್ನೊಂದಕ್ಕೆ, ನುಡಿಯಿಂದ, ಎನ್‌ವಿಡಿಎ ಕನ್ನಡವಾಗಿಯೇ ಓದಬಲ್ಲ ಯೂನಿಕೋಡಿಗೆ ಬದಲಿಸಿಕೊಡುವ ತಾಣವನ್ನು ನಾನೇ ಹುಡುಕಲು ಕೂತೆ.

ಮೂರನೆಯದೋ ನಾಲ್ಕನೆಯದೋ ತಾಣದಲ್ಲಿ, ಬಂದವರು ಮನುಷ್ಯರೋ ಯಂತ್ರವೋ ಎಂದು ಪರೀಕ್ಷಿಸುವ ಕ್ಯಾಪ್ಚಾ ಎದುರಾಯಿತು. ಕ್ಯಾಪ್ಚಾ ಎಂದರೆ ನಮಗೆ ಗೋಡೆಯಿದ್ದಂತೆ. ಟ್ರಾಫಿಕ್ ದೀಪದ ಚಿತ್ರಗಳನ್ನು ಆರಿಸು ಎಂದರೆ ನಾನು ಏನನ್ನು ಆರಿಸಲಿ? ಧ್ವನಿಯ ಕ್ಯಾಪ್ಚಾ ಇದ್ದರೂ ಅದು ಸಂತೆಯ ಗದ್ದಲದ ನಡುವೆ ಯಾರೋ ಇಂಗ್ಲಿಷಿನಲ್ಲಿ ಗೊಣಗಿದಂತಿರುತ್ತದೆ. ಇದು ಹಾಗಿರಲಿಲ್ಲ. ‘ನಾನು ರೋಬಾಟ್ ಅಲ್ಲ’ ಎಂಬ ಚೌಕದ ಮೇಲೆ ಸ್ಪೇಸ್ ಒತ್ತಿದ ಕೂಡಲೇ ಮೂರು ಸಾಲು ಕೇಳಿಸಿತು: ವಿಂಡೋಸ್ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ. ಚಿತ್ರವಿಲ್ಲ, ಗದ್ದಲವಿಲ್ಲ. ಯಾರೋ ಪುಣ್ಯಾತ್ಮ ಕೊನೆಗೂ ನಮ್ಮಂಥವರನ್ನು ನೆನೆದನಲ್ಲ ಎಂದು ಹಿಗ್ಗಿ, ಹೇಳಿದಂತೆ ಒತ್ತಿದೆ.

ಆಮೇಲೆ ಗೊತ್ತಾಯಿತು. ಚೌಕದ ಮೇಲೆ ಒತ್ತಿದ ಗಳಿಗೆಯಲ್ಲೇ ಆ ಪುಟ, ನಕಲು ಮಾಡಿದ್ದು ಕೂತಿರುವ ನನ್ನ ಕ್ಲಿಪ್‌ಬೋರ್ಡಿಗೆ ಒಂದು ಆಜ್ಞೆಯನ್ನು ನಕಲು ಮಾಡಿಟ್ಟಿತ್ತು. ವಿಂಡೋಸ್ ಮತ್ತು ಆರ್ ಒತ್ತಿದರೆ ತೆರೆಯುವುದು ರನ್ ಪೆಟ್ಟಿಗೆ. ಕಂಟ್ರೋಲ್ ಮತ್ತು ವಿ ಆ ಆಜ್ಞೆಯನ್ನು ಅಲ್ಲಿ ಅಂಟಿಸುತ್ತದೆ, ಎಂಟರ್ ಒತ್ತಿದರೆ ಕಂಪ್ಯೂಟರ್ ಪ್ರಶ್ನೆ ಮಾಡದೆ ಅದನ್ನು ನಡೆಸುತ್ತದೆ. ಕದಿಯುವ ತಂತ್ರಾಂಶವನ್ನು ನನ್ನ ಕೈಯಾರೆ ನಾನೇ ಒಳಗೆ ಕರೆದುಕೊಂಡೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳ ಜೊತೆಗೆ, ಆಗಲೇ ಲಾಗಿನ್ ಆಗಿದ್ದೇನೆ ಎಂದು ತೋರಿಸುವ ಕುಕಿಗಳನ್ನೂ ಅದು ಒಯ್ಯುತ್ತದೆ. ಅದಕ್ಕೇ ನನ್ನ ಫೋನಿಗೆ ಒಂದು ಒಟಿಪಿಯೂ ಬರಲಿಲ್ಲ.

ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಆ ಪುಟ್ಟ ಪೆಟ್ಟಿಗೆಯಲ್ಲಿ ಕಣ್ಣಿದ್ದವರಿಗೆ ಉದ್ದದ ಆಜ್ಞೆಯ ಬಾಲವಷ್ಟೇ ಕಾಣುತ್ತದೆ. ಬಾಲದಲ್ಲಿ ‘ನಾನು ರೋಬಾಟ್ ಅಲ್ಲ’ ಎಂದು ಬರೆದಿರುತ್ತಾರೆ. ನಾನು ಇನ್‌ಸರ್ಟ್ ಜೊತೆ ಮೇಲಿನ ಬಾಣ ಒತ್ತಿದ್ದರೆ ಎನ್‌ವಿಡಿಎ ಸಾಲನ್ನು ತಲೆಯಿಂದಲೇ ಓದುತ್ತಿತ್ತು, ‘ಪವರ್‌ಶೆಲ್’ (ವಿಂಡೋಸಿಗೆ ಆಜ್ಞೆ ಕೊಡುವ ಸಾಧನ) ಎಂಬ ಮೊದಲ ಪದಕ್ಕೇ ಕಿವಿ ನಿಮಿರುತ್ತಿತ್ತು. ಕಣ್ಣಿದ್ದವರಿಗಿಂತ ನನಗೆ ಅನುಕೂಲವಿದ್ದ ಅಪರೂಪದ ಜಾಗ ಅದು. ಒತ್ತಲಿಲ್ಲ.

ಮರುದಿನ ಸಂಜೆ ಹುಬ್ಬಳ್ಳಿಯ ಅಕ್ಕನೊಬ್ಬರು ಫೋನ್ ಮಾಡಿದರು. ನನಗಾಗಿ ಪಠ್ಯಗಳನ್ನು ಓದಿ, ಧ್ವನಿಮುದ್ರಿಸಿ ಇಮೇಲಿನಲ್ಲಿ ಕಳಿಸುವವರು. “ತಮ್ಮಾ, ಈಗ ಹೇಗಿದ್ದೀಯ? ಯಾವ ಆಸ್ಪತ್ರೆ?” ನನ್ನ ಹೆಸರಿನಲ್ಲಿ ಬಂದ ಪತ್ರ ನಂಬಿ ಆರು ಸಾವಿರ ಕಳಿಸಿದ್ದರು. ಅಷ್ಟರಲ್ಲಿ ನನ್ನ ಇಮೇಲ್ ನನಗೇ ತೆರೆಯುತ್ತಿರಲಿಲ್ಲ. ಅಂಗವಿಕಲರ ಗುರುತಿನ ಚೀಟಿ, ಆಧಾರ್, ಅಂಕಪಟ್ಟಿ ಎಲ್ಲವೂ ಅದರಲ್ಲೇ ಇದ್ದವು.

ನಿಮಗೂ ಹೀಗಾದರೆ ಮೊದಲು ವೈಫೈ ಬಂದ್ ಮಾಡಿ. ಅದೇ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಬದಲಿಸಬೇಡಿ. ಗಾಬರಿಯಲ್ಲಿ ನಾನು ಅದನ್ನೇ ಮಾಡಿದೆ, ಹೊಸದೂ ಕಳ್ಳನ ಕೈಗೆ ಹೋಯಿತು. ಫೋನಿನಿಂದ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತದೆ. ಅಕ್ಕನ ಹಣ ಇನ್ನೂ ಬಂದಿಲ್ಲ. ಲ್ಯಾಪ್‌ಟಾಪಿಗೆ ವಿಂಡೋಸ್ ಹೊಸದಾಗಿ ಹಾಕಿಸಬೇಕಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ರನ್ ಪೆಟ್ಟಿಗೆಯನ್ನೇ ಬಂದ್ ಮಾಡಿಸಿದ್ದೇನೆ.

ನೋಟ್ಸಿನ ವಿಷಯ: ಕೊನೆಗೆ ವಿಭಾಗಕ್ಕೆ ಹೋಗಿ ಬೆರಳಚ್ಚು ಮಾಡುವವರನ್ನು ಕೇಳಿದೆ. ನುಡಿ ತಂತ್ರಾಂಶದಲ್ಲೇ ಯೂನಿಕೋಡಿಗೆ ಬದಲಿಸುವ ಸೌಲಭ್ಯವಿದೆಯಂತೆ. ಚಹಾ ಮುಗಿಯುವುದರೊಳಗೆ ಮೂವತ್ತೆರಡು ಪುಟವನ್ನೂ ಬದಲಿಸಿ ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಪರೀಕ್ಷೆ ಮುಗಿದು ಎಂಟು ದಿನವಾಗಿತ್ತು.