ಈಡಿಪಸ್‌ನ ಕಾಲು ಮತ್ತು ಎಂಟು ಆಡಿಯೊ ಪಾಠ

ಬಟ್ಟೆಗೆ ಇಸ್ತ್ರಿ ಹಾಕುವಾಗ ಕೇಳೋಣ ಅಂತ ಒಂದು ಆಡಿಯೊ ಕೋರ್ಸ್ ಕೊಂಡಿದ್ದೆ. ಒಟ್ಟು ಎಂಟು ಪಾಠ. ಪ್ರಾಚೀನ ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ಈಡಿಪಸ್, ಅಂದರೆ ಗೊತ್ತಿಲ್ಲದೇ ಹೆತ್ತ ಅಪ್ಪನನ್ನು ಕೊಂದು ಹೆತ್ತ ತಾಯಿಯನ್ನು ಮದುವೆಯಾದ ರಾಜ, ಯಾಕೆ ಹಾಳಾದ ಅನ್ನುವುದನ್ನು ಮನೋವಿಶ್ಲೇಷಣೆಯಿಂದ, ಅಂದರೆ ಮನಸ್ಸಿನಲ್ಲಿ ಅಡಗಿದ್ದನ್ನು ಹುಡುಕಿ ತೆಗೆಯುವ ವಿಧಾನದಿಂದ, ಬಿಡಿಸುತ್ತಾರೆ. ನಾನು ಕೊಟ್ಟಿದ್ದು ಮೂರು ಸ್ಟಾರ್. ಒಂದು ಸ್ಟಾರ್ ಹೋಗಿದ್ದು ಮೂರನೇ ಪಾಠದಿಂದ: ವಾಲ್ಯೂಮ್ ಪೂರ್ತಿ ಏರಿಸಿದರೂ ಪಿಸುಗುಟ್ಟಿದ ಹಾಗೆ ಕೇಳುತ್ತದೆ. ದೂರು ಬರೆದರೆ ಉತ್ತರವೇ ಇಲ್ಲ.

ಮೊದಲೆರಡು ಪಾಠ ಚೆನ್ನಾಗಿವೆ. ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ 1897ರಲ್ಲಿ ಗೆಳೆಯ ಫ್ಲೀಸ್‌ಗೆ ಬರೆದ ಪತ್ರದಲ್ಲೇ ಈಡಿಪಸ್ ಬರುತ್ತಾನಂತೆ. ಪದರ ಪದರವಾಗಿ ಸತ್ಯ ಬಿಚ್ಚಿಕೊಳ್ಳುವ ಈ ನಾಟಕ ಮನೋವಿಶ್ಲೇಷಣೆಯ ಹಾಗೇ ಇದೆ ಅಂತ ಆಮೇಲೆ ಅವರು ಬರೆದರು.

ನಾಲ್ಕನೇ ಪಾಠದಿಂದ ಮಾತ್ರ ಎಲ್ಲದಕ್ಕೂ ಒಂದೇ ಉತ್ತರ: ತಾಯಿಯ ಮೇಲಿನ ಅಡಗಿದ ಆಸೆ. ನನ್ನ ತಕರಾರು ಇಲ್ಲೇ. ನಾನು ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ. ಅಮ್ಮ ಅಂದರೆ ನನಗೆ ಅವರೇ. ಈಡಿಪಸ್‌ಗೂ ಅಮ್ಮ ಅಂದರೆ ಅವನನ್ನು ಸಾಕಿದ ಕೊರಿಂಥ್‌ನ ರಾಣಿ ಮೆರೊಪೆ ಅಲ್ವಾ? ಅಪ್ಪನನ್ನು ಕೊಂದು ತಾಯಿಯನ್ನು ಮದುವೆಯಾಗುತ್ತೀಯ ಅನ್ನುವ ಭವಿಷ್ಯವಾಣಿಗೆ ಹೆದರಿ ಅವನು ಊರು ಬಿಟ್ಟಿದ್ದೇ ಅವಳಿಂದ, ಸಾಕಿದ ಅಪ್ಪನಿಂದ ದೂರ ಇರಲಿಕ್ಕೆ. ಅವನನ್ನು ಹೆತ್ತ, ಆಮೇಲೆ ಅವನ ಹೆಂಡತಿಯಾದ ಯೊಕಾಸ್ತ ಅವನ ಪಾಲಿಗೆ ಯಾರೋ ಪರದೇಶದ ರಾಣಿ. ಫ್ರೆಂಚ್ ವಿದ್ವಾಂಸ ವೆರ್ನಾಂ 1967ರಲ್ಲೇ ಈ ಆಕ್ಷೇಪ ಎತ್ತಿದ್ದರು. ಕೋರ್ಸ್‌ನಲ್ಲಿ ಅವರ ಸುದ್ದಿಯೇ ಇಲ್ಲ.

ನನ್ನನ್ನು ಕಾಡುವುದು ಅವನ ಕಾಲು. ಹೆತ್ತವರೇ ಪಾದದ ಗೆಣ್ಣು ಬಿಗಿದು ಬೆಟ್ಟಕ್ಕೆ ಕಳಿಸಿದ ಕೂಸು ಅದು. ಹೆಸರಿನ ಅರ್ಥವೇ ಊದಿದ ಕಾಲು. ಸ್ಫಿಂಕ್ಸ್ ಅನ್ನುವ ರಾಕ್ಷಸಿ ಕೇಳಿದ ಒಗಟೂ ಕಾಲಿನದೇ: ಮೊದಲು ನಾಲ್ಕು, ಆಮೇಲೆ ಎರಡು, ಕೊನೆಗೆ ಮೂರು ಕಾಲಿನಲ್ಲಿ ನಡೆಯುವುದು ಯಾವುದು? ಉತ್ತರ, ಮನುಷ್ಯ. ಅದನ್ನು ಬಿಡಿಸಿದ ಜಾಣನಿಗೆ ತನ್ನ ಕಾಲಿನ ಗಾಯದ ಕಲೆಯ ಕಥೆ ಗೊತ್ತಿಲ್ಲ.

ಕೊನೆಗೆ ಯೊಕಾಸ್ತಗೆ ಎಲ್ಲ ಹೊಳೆದು, ನಿನ್ನ ಹುಟ್ಟಿನ ಗುಟ್ಟು ಇನ್ನು ಕೆದಕಬೇಡ ಅಂತ ಬೇಡಿಕೊಳ್ಳುತ್ತಾಳೆ. ಇವನು ತಿಳಿದುಕೊಳ್ಳುವುದೇ ಬೇರೆ. ನಾನು ಕೀಳು ಮನೆತನದವನು ಅಂತ ಬಯಲಾದರೆ ಇವಳಿಗೆ ನಾಚಿಕೆ, ಅಷ್ಟೇ ಅಂದುಕೊಳ್ಳುತ್ತಾನೆ. ಅದೃಷ್ಟವೇ ನನ್ನ ತಾಯಿ ಅಂತ ಬೀಗುತ್ತಾನೆ. ಹೆತ್ತ ತಾಯಿ ಆಗಷ್ಟೇ ಎದುರಿನಿಂದ ಎದ್ದು ಹೋಗಿದ್ದಾಳೆ! ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಆ ಸಾಲುಗಳನ್ನು ಎರಡು ಸಲ ಕೇಳಿದೆ. ಮೇಷ್ಟ್ರು ಸುಮ್ನೆ ಓದಿ ಮುಂದಕ್ಕೆ ಹೋಗಿಬಿಡುತ್ತಾರೆ. ಆಸೆಗಿಂತ ಜಾಸ್ತಿ, ನಾನ್ಯಾರ ಮಗ ಅನ್ನುವ ಹಸಿವೇ ಅವನನ್ನು ಬೀಳಿಸಿತು ಅಂತ ನನಗನ್ನಿಸುತ್ತದೆ. ಎರಡನೇ ಸ್ಟಾರ್ ಕಳೆದದ್ದು ಇದಕ್ಕೇ.

ಕೇಳುವವರು ಮೊದಲು ನಾಟಕ ಓದಿಕೊಳ್ಳಿ. ಏಳನೇ ಪಾಠ ಬಿಟ್ಟರೂ ನಷ್ಟವಿಲ್ಲ, ಆರನೆಯದನ್ನೇ ಇನ್ನೊಂದು ಸಲ ಹೇಳಿದ್ದಾರೆ.