ರೇಷ್ಮೆ ಬೀಸಣಿಗೆ ಚಿತ್ರ: ಮೊದಲು ತಾವರೆಯೋ, ಬೆಟ್ಟವೋ?

ಸೋಂಗ್ ರಾಜವಂಶದ ಕಾಲದ (10–13ನೇ ಶತಮಾನ) ಚೀನೀ ಬೀಸಣಿಗೆ ಚಿತ್ರಗಳನ್ನು ನೋಡಿ ನಕಲು ಮಾಡುತ್ತಾ ಕಲಿಯಬೇಕು ಅಂತಿದ್ದೀರಾ? ಎದುರಿಗೆ ಎರಡು ದಾರಿಗಳಿವೆ.

ಒಂದು, ಹೂವು–ಹಕ್ಕಿ ಅನ್ನೋ ಚಿತ್ರಪ್ರಕಾರ. ಬೀಜಿಂಗ್‌ನ ಅರಮನೆ ಮ್ಯೂಸಿಯಂನಲ್ಲಿರುವ ತಾವರೆಯ ಚಿತ್ರವನ್ನೇ ತೆಗೆದುಕೊಳ್ಳಿ. ಬರೆದವರ ಹೆಸರಿಲ್ಲ. ಅಗಲ ಹೆಚ್ಚುಕಡಿಮೆ 25 ಸೆಂಟಿಮೀಟರ್. ಅರಳಿದ ಒಂದೇ ಹೂವು ಬೀಸಣಿಗೆಯ ಇಡೀ ದುಂಡನ್ನು ತುಂಬಿದೆ. ದಳದ ಅಂಚಿನ ಗೆರೆ ಬಣ್ಣದಲ್ಲೇ ಕರಗಿಹೋಗಿದೆ. ತುದಿಯಲ್ಲಿ ಗುಲಾಬಿ, ಕೆಳಗಿಳಿದಂತೆ ಬಿಳಿ. ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಅಂತ ಹೇಳೋಕೇ ಆಗಲ್ಲ! ಇದು ತೆಳು ಬಣ್ಣವನ್ನು ಪದರ ಪದರವಾಗಿ ಹಚ್ಚುವ ಕೆಲಸ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಬಣ್ಣ ಹರಡದಿರಲಿ ಅಂತ ರೇಷ್ಮೆಗೆ ಮೊದಲೇ ಅಂಟು ಮತ್ತು ಪಟಿಕ ಹಚ್ಚಿರಬೇಕು.

ಇನ್ನೊಂದು, ಬೆಟ್ಟ–ನೀರು, ಅಂದರೆ ನಿಸರ್ಗದೃಶ್ಯ. ಅಮೆರಿಕದ ಬಾಸ್ಟನ್ ಮ್ಯೂಸಿಯಂನಲ್ಲಿ ಸೋಂಗ್ ಕಾಲದ ಚಿತ್ರಕಾರ ಮಾ ಯುವಾನ್ ಬರೆದ ಬೋಳು ವಿಲೋ ಮರಗಳ ಬೀಸಣಿಗೆ ಇದೆ. ಎಳೆ ಎಳೆ ಕೊಂಬೆ, ಮಂಜು, ದೂರದಲ್ಲಿ ಬೆಟ್ಟ. ಬಣ್ಣ ಕಡಿಮೆ, ಮಸಿಯೇ ಜಾಸ್ತಿ, ಖಾಲಿ ಜಾಗ ಇನ್ನೂ ಜಾಸ್ತಿ. ಸುಲಭ ಅನ್ನಿಸುತ್ತೆ, ಅಲ್ವಾ? ಆದರೆ ಆ ಕೊಂಬೆಯ ಗೆರೆ ಒಂದೇ ಸಲಕ್ಕೆ ಬರಬೇಕು, ತಿದ್ದೋಕಾಗಲ್ಲ.

ತಾಳ್ಮೆ ಇದ್ದು ಕೈ ಇನ್ನೂ ಪಳಗಿಲ್ಲದಿದ್ದರೆ ತಾವರೆಯೇ ಸರಿ. ಕುಂಚ ಹಿಡಿದು ಅಭ್ಯಾಸ ಇದ್ದವರು ಮಾ ಯುವಾನ್ ಕಡೆ ಹೋಗಲಿ. ಯಾವುದೇ ಆದರೂ ಮೂಲದಷ್ಟೇ ಅಳತೆಯ ಪ್ರಿಂಟ್ ಇಟ್ಟುಕೊಳ್ಳಿ. ದೊಡ್ಡದು ಮಾಡಿದರೆ ಗೆರೆ ಎಷ್ಟು ಸಣ್ಣ ಅನ್ನೋದೇ ತಿಳಿಯಲ್ಲ.